ಕೇಳಿದವರನ್ನು ಅಡಗಿಸುವುದೋ, ಕೇಳಿದ್ದನ್ನೇ ಅಡಗಿಸುವುದೋ? ಗಡಿನಾಡಿನ ಕನ್ನಡಿಗರಿಗೆ ಖಾಸಗಿ ಹುಡುಕಾಟದ ದಾರಿಗಳು

ಕಾಸರಗೋಡಿನ ಪೆರ್ಲದಲ್ಲಿ ಕೂತು "ಎಣ್ಮಕಜೆ ಹತ್ತಿರ ಮಕ್ಕಳ ನರರೋಗ ಡಾಕ್ಟರ್" ಎಂದು ಕನ್ನಡದಲ್ಲಿ ಟೈಪ್ ಮಾಡಿದರೆ, ಹೆಸರು ಹೇಳದಿದ್ದರೂ ಅರ್ಧ ಗುರುತು ಕೊಟ್ಟ ಹಾಗೆಯೇ. ತಲೆನೋವಿನ ಬಗ್ಗೆ ಇಂಗ್ಲಿಷಿನಲ್ಲಿ ಕೇಳುವವರ ಜಾತ್ರೆಯೇ ಇದೆ. ಕೇರಳದ ಐಪಿ ವಿಳಾಸದಿಂದ (ಜಾಲದಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಕನ್ನಡ ಲಿಪಿಯಲ್ಲಿ, ಒಂದು ಪಂಚಾಯತಿನ ಹೆಸರು ಹಾಕಿ, ಒಂದು ಕಾಯಿಲೆಯ ಬಗ್ಗೆ ಕೇಳುವವರು ಎಷ್ಟು ಮಂದಿ ಇದ್ದಾರು? ಹುಡುಕಾಟದ ಗುಟ್ಟಿನ ವಿಷಯ ಬಂದಾಗ ಕಾಸರಗೋಡಿನವರ ಲೆಕ್ಕ ಬೆಂಗಳೂರಿನವರ ಲೆಕ್ಕಕ್ಕಿಂತ ಬೇರೆಯಾಗುವುದು ಇಲ್ಲೇ. ಅಡಗಿಕೊಳ್ಳಲು ಗುಂಪು ಬೇಕು, ನಮ್ಮ ಗುಂಪು ಚಿಕ್ಕದು.

ಮಾರುಕಟ್ಟೆಯಲ್ಲಿರುವ ಉಪಾಯಗಳಲ್ಲಿ ಹೆಚ್ಚಿನವು ಕೇಳಿದವರು ಯಾರೆಂಬುದನ್ನು ಮುಚ್ಚುತ್ತವೆ, ಕೇಳಿದ್ದೇನು ಎಂಬುದನ್ನು ಬಿಟ್ಟುಕೊಡುತ್ತವೆ. ಇದು ಎಷ್ಟು ತೆಳುವಾದ ಪರದೆ ಎಂಬುದು 2006ರಲ್ಲೇ ಗೊತ್ತಾಗಿತ್ತು. ಆ ಆಗಸ್ಟ್‌ನಲ್ಲಿ ಅಮೆರಿಕದ ಎಒಎಲ್ ಕಂಪನಿ ಸುಮಾರು ಆರೂವರೆ ಲಕ್ಷ ಬಳಕೆದಾರರ 2 ಕೋಟಿ ಹುಡುಕಾಟಗಳನ್ನು, ಹೆಸರಿನ ಬದಲು ಒಂದೊಂದು ಸಂಖ್ಯೆ ಹಾಕಿ, ಸಂಶೋಧಕರಿಗೆಂದು ಬಿಡುಗಡೆ ಮಾಡಿತು. ಊರಿನ ಹೆಸರು, ಬಂಧುಗಳ ಅಡ್ಡಹೆಸರು, ಕಾಯಿಲೆ ಇವನ್ನು ಜೋಡಿಸಿಕೊಂಡು ಪತ್ರಕರ್ತರು ಕೆಲವೇ ದಿನಗಳಲ್ಲಿ ಒಬ್ಬರ ಮನೆ ಬಾಗಿಲಿಗೆ ಹೋದರು. ಪ್ರಶ್ನೆಯನ್ನೇ ಮುಚ್ಚುವ ದಾರಿಗಳೂ ಇವೆ. ಅವಕ್ಕೆ ಗೂಢಲಿಪಿ ಶಾಸ್ತ್ರ ಬೇಕು, ಇಲ್ಲವೇ ಮೊಬೈಲಿನಲ್ಲಿ ಜಾಗ ಬೇಕು.

ಯಾವುದನ್ನು ಆರಿಸಬೇಕು ಎನ್ನುವುದು ಯಾರ ಕಣ್ಣು ತಪ್ಪಿಸಬೇಕು ಎನ್ನುವುದರ ಮೇಲೆ ನಿಂತಿದೆ.

ಮನೆಯವರ ಕಣ್ಣು, ಅಕ್ಷಯ ಕೇಂದ್ರದ ಕಂಪ್ಯೂಟರ್

ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವಲ್ಲಿ ಬ್ರೌಸರಿನ ಖಾಸಗಿ ಕಿಟಕಿ, ಅಂದರೆ ಇನ್‌ಕಾಗ್ನಿಟೊ, ಸಾಕು. ಬ್ರೌಸರ್‌ನ ಇತಿಹಾಸ, ಕುಕಿ ಎರಡೂ ಕಿಟಕಿ ಮುಚ್ಚಿದ ಮೇಲೆ ಅಳಿಯುತ್ತವೆ. ಆದರೆ ಒಂದು ಟ್ಯಾಬ್ ಮುಚ್ಚಿದರೆ ಸಾಲದು, ಎಲ್ಲ ಇನ್‌ಕಾಗ್ನಿಟೊ ಟ್ಯಾಬ್‌ಗಳನ್ನೂ ಮುಚ್ಚಬೇಕು. ಇಳಿಸಿಕೊಂಡ ಪಿಡಿಎಫ್ ಡೌನ್‌ಲೋಡ್ ಫೋಲ್ಡರಿನಲ್ಲೇ ಕೂತಿರುತ್ತದೆ. ಕೆಲವು ಕನ್ನಡ ಕೀಬೋರ್ಡ್‌ಗಳು ನೀವು ಬರೆದ ಪದವನ್ನು ಕಲಿತುಕೊಂಡು, ಮುಂದೆ ಮಗಳು ವಾಟ್ಸಾಪ್‌ನಲ್ಲಿ ಬರೆಯುವಾಗ ಅದನ್ನೇ ಸೂಚಿಸಿ ಮರ್ಯಾದೆ ತೆಗೆಯುತ್ತವೆ.

ಕೇರಳದ ಸರ್ಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದಲ್ಲಾದರೆ ಬ್ರೌಸರ್ ಆಗಲೇ ಯಾರದೋ ಖಾತೆಯಲ್ಲಿ ತೆರೆದಿರುವ ಸಾಧ್ಯತೆ ಹೆಚ್ಚು. ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ, ಪ್ರಿಂಟ್ ತೆಗೆದ ಫೈಲ್ ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ.

ಇದರಾಚೆಗೆ ಇನ್‌ಕಾಗ್ನಿಟೊದಿಂದ ಏನೂ ನಿರೀಕ್ಷಿಸಬೇಡಿ. ಹುಡುಕಾಟದ ಕಂಪನಿಗೆ ನಿಮ್ಮ ಪ್ರಶ್ನೆ, ಐಪಿ ವಿಳಾಸ ಎಂದಿನಂತೆಯೇ ಕಾಣುತ್ತವೆ. ಈ ವಿಷಯವಾಗಿ ಗೂಗಲ್ ಮೇಲೆ ಅಮೆರಿಕದಲ್ಲಿ 2020ರಲ್ಲಿ ಮೊಕದ್ದಮೆ ಹೂಡಲಾಗಿತ್ತು. 2024ರ ಒಪ್ಪಂದದಲ್ಲಿ ಇನ್‌ಕಾಗ್ನಿಟೊ ಬಳಕೆಯ ದಾಖಲೆಗಳನ್ನು ಅಳಿಸಲು ಕಂಪನಿ ಒಪ್ಪಿಕೊಂಡಿತು.

ಸಿಮ್ ಕಂಪನಿ, ವೈಫೈ ಯಜಮಾನ

ಇಲ್ಲಿ ಜನ ಬೇಡದ ಕಡೆ ಹೆದರುತ್ತಾರೆ. ತಾಣದ ವಿಳಾಸ ಎಚ್‌ಟಿಟಿಪಿಎಸ್ ಎಂದು ಶುರುವಾಗುವಲ್ಲಿ, ಅಂದರೆ ಮಾತು ಬೀಗ ಹಾಕಿಕೊಂಡು ಹೋಗುವಲ್ಲಿ, ನೀವು ಬರೆದ ಪ್ರಶ್ನೆ ಸಿಮ್ ಕಂಪನಿಗೆ ಕಾಣುವುದಿಲ್ಲ. ಯಾವ ತಾಣಕ್ಕೆ ಹೋದಿರಿ ಎಂಬುದಷ್ಟೇ ಕಾಣುತ್ತದೆ. ಅದರಲ್ಲೂ ಸ್ವಲ್ಪ ಮುಚ್ಚಲು ಆಂಡ್ರಾಯ್ಡ್ 9 ಮತ್ತು ಮೇಲಿನ ಫೋನ್‌ಗಳಲ್ಲಿ, ತಾಣದ ಹೆಸರಿಗೆ ಐಪಿ ವಿಳಾಸ ಕೇಳುವ ಮಾತನ್ನು ಮುಚ್ಚಿ ಕಳಿಸುವ 'ಪ್ರೈವೇಟ್ ಡಿಎನ್ಎಸ್' ಇದೆ: ಸೆಟ್ಟಿಂಗ್ಸ್, ನೆಟ್‌ವರ್ಕ್, ಪ್ರೈವೇಟ್ ಡಿಎನ್ಎಸ್, ಅಲ್ಲಿ 'ಡಿಎನ್ಎಸ್ ಡಾಟ್ ಕ್ವಾಡ್9 ಡಾಟ್ ನೆಟ್' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಮುಂದೆ ಎಚ್‌ಟಿಟಿಪಿಎಸ್ ಸೇರಿಸಿದರೆ, ಇಲ್ಲವೇ 9.9.9.9 ಎಂದು ಅಂಕೆ ಹಾಕಿದರೆ ಸ್ವೀಕರಿಸುವುದಿಲ್ಲ. ರೈಲ್ವೆ ಸ್ಟೇಷನ್ನಿನ ವೈಫೈಯಲ್ಲಿ ಒಟಿಪಿ ಪುಟವೇ ತೆರೆಯದಿದ್ದರೆ ಕಾರಣ ಇದೇ ಇರಬಹುದು. ಸ್ವಲ್ಪ ಹೊತ್ತು 'ಆಟೊಮ್ಯಾಟಿಕ್'ಗೆ ಹಾಕಿ, ಲಾಗಿನ್ ಆದ ಮೇಲೆ ಮತ್ತೆ ಬದಲಿಸಿ. ಇಷ್ಟು ಮಾಡಿದರೂ, ಸಂಪರ್ಕ ಶುರುವಾಗುವ ಮೊದಲ ಮಾತಿನಲ್ಲಿ ತಾಣದ ಹೆಸರು ಹೆಚ್ಚಾಗಿ ಬಯಲಾಗಿಯೇ ಹೋಗುತ್ತದೆ.

ನಿಮ್ಮ ಸಂಪರ್ಕವನ್ನೆಲ್ಲ ಬೇರೊಂದು ಕಂಪನಿಯ ಸರ್ವರ್ ಮೂಲಕ ಹಾಯಿಸುವ ವಿಪಿಎನ್ ಎಂದರೆ ನಂಬಿಕೆಯನ್ನು ಸಿಮ್ ಕಂಪನಿಯಿಂದ ಎತ್ತಿ ಇನ್ನೊಂದು ಕಂಪನಿಯ ಕೈಗೆ ಕೊಡುವುದು, ಅಷ್ಟೇ. ಭಾರತದಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸೆರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು. ಅದಾದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಭಾರತದಲ್ಲಿದ್ದ ಸರ್ವರ್‌ಗಳನ್ನೇ ಕಿತ್ತುಕೊಂಡು ಹೋದವು. ಪುಕ್ಕಟೆ ವಿಪಿಎನ್ ಆ್ಯಪ್‌ಗಳ ಹತ್ತಿರ ಸುಳಿಯದಿರುವುದೇ ಲೇಸು. ಖಾಸಗಿ ಹುಡುಕಾಟಕ್ಕೆಂದು ಮಾತ್ರ ದುಡ್ಡು ಕೊಡುವುದಿದ್ದರೆ ವಿಪಿಎನ್‌ಗೆ ಕೊಡಬೇಡಿ.

ಹುಡುಕಾಟದ ಕಂಪನಿಯ ಕಣ್ಣು

ಹುಡುಕಾಟದ ಎಂಜಿನ್ ಬದಲಿಸುವ ಮೊದಲು ಒಂದು ಕೆಲಸ: ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ 'ಹುಡುಕಾಟದ ಸಲಹೆಗಳು' ಎಂಬುದನ್ನು ಆಫ್ ಮಾಡಿ. ಅದು ಆನ್ ಇದ್ದರೆ ನೀವು ಬಟನ್ ಒತ್ತುವ ಮೊದಲೇ, ಒಂದೊಂದು ಅಕ್ಷರ ಬರೆದ ಹಾಗೆ, ಅರೆಬರೆ ಪ್ರಶ್ನೆ ಸರ್ವರಿಗೆ ಹೋಗುತ್ತಿರುತ್ತದೆ. ಬರೆದು, ನಾಚಿ, ಅಳಿಸಿದ್ದೂ ಹೋಗಿರುತ್ತದೆ. ಗೂಗಲ್ ಖಾತೆ ಬಿಡಲಾಗದವರು 'ಮೈ ಆ್ಯಕ್ಟಿವಿಟಿ'ಯಲ್ಲಿ ಸ್ವಯಂ ಅಳಿಸುವಿಕೆಯನ್ನು 3 ತಿಂಗಳಿಗೆ ಇಳಿಸಿಕೊಳ್ಳಲಿ. ಉಳಿದ ಆಯ್ಕೆಗಳು 18 ಮತ್ತು 36 ತಿಂಗಳು.

ಖಾಸಗಿತನ ಕಾಯುತ್ತೇವೆ ಎನ್ನುವ ಬೇರೆ ಎಂಜಿನ್‌ಗಳಲ್ಲಿ ಡಕ್‌ಡಕ್‌ಗೋ ಬಹುಪಾಲು ಬಿಂಗ್‌ನ ಫಲಿತಾಂಶ ಕೊಡುತ್ತದೆ. ನೆದರ್ಲೆಂಡ್ಸ್‌ನ ಸ್ಟಾರ್ಟ್‌ಪೇಜ್ ನಿಮ್ಮ ಪರವಾಗಿ ಗೂಗಲ್‌ನಿಂದ ತರಿಸಿಕೊಡುತ್ತದೆ. ಬ್ರೇವ್ 2021ರಿಂದ ಜಾಲಪುಟಗಳ ತನ್ನದೇ ಸೂಚಿ ಇಟ್ಟುಕೊಂಡಿದೆ. ಕನ್ನಡದಲ್ಲೇ ಹುಡುಕುವವರಿಗೆ ಸ್ಟಾರ್ಟ್‌ಪೇಜ್ ವಾಸಿ. ಉಳಿದವುಗಳಲ್ಲಿ ಕನ್ನಡದ ಫಸಲು ತೆಳು. 'ಅಡಕೆ' ಎಂದರೆ ಒಂದು, 'ಅಡಿಕೆ' ಎಂದರೆ ಇನ್ನೊಂದು ಫಲಿತಾಂಶ ಬಂದೀತು, ಎರಡನ್ನೂ ಹಾಕಿ ನೋಡಿ. 'ಹತ್ತಿರದ' ಎಂಬ ಪದಕ್ಕೆ ಅರ್ಥವಿಲ್ಲ, ಊರಿನ ಹೆಸರು ನೀವೇ ಕೊಡಬೇಕು. ಆಗ ಮತ್ತೆ ಅದೇ ಮೊದಲಿನ ತೊಂದರೆ. ತಲಪಾಡಿ ದಾಟಿದರೂ ದಾಟದಿದ್ದರೂ ಮೊಬೈಲ್ ಐಪಿಯಿಂದ ಊರು ಊಹಿಸುವ ವ್ಯವಸ್ಥೆ ಕೊಚ್ಚಿ ಎಂದೋ ಬೆಂಗಳೂರು ಎಂದೋ ತೋರಿಸುವುದುಂಟು. ಆ ತಪ್ಪು ನಮಗೆ ಪುಕ್ಕಟೆ ಸಿಕ್ಕಿದ ಮರೆ ಎಂದುಕೊಳ್ಳಬಹುದು, ಊರ ಹೆಸರು ಬರೆಯುವ ತನಕ.

ಬೇರೆ ಎಂಜಿನ್‌ಗಳಿಂದ ಫಲಿತಾಂಶ ತರಿಸಿಕೊಡುವ ಸಿಯರ್‌ಎಕ್ಸ್‌ಎನ್‌ಜಿ ಎಂಬ ತಂತ್ರಾಂಶವನ್ನು ಸ್ವಂತ ಸರ್ವರಿನಲ್ಲಿ ನಡೆಸುವುದು ತಾಂತ್ರಿಕ ಆಸಕ್ತಿಯವರಿಗೆ ಇಷ್ಟದ ಆಟ. ಆದರೆ ಒಬ್ಬರೇ ಬಳಸುವ ಸರ್ವರ್ ಎಂದರೆ ಆ ಸರ್ವರಿನ ವಿಳಾಸವೇ ನಿಮ್ಮ ವಿಳಾಸ. ಗುಂಪಿಲ್ಲದ ಕಡೆ ಮುಖವಾಡಕ್ಕೆ ಬೆಲೆ ಇಲ್ಲ. ಹತ್ತಿಪ್ಪತ್ತು ಮಂದಿ ಸೇರಿ ನಡೆಸಿದರೆ ಸ್ವಲ್ಪ ಪ್ರಯೋಜನವಿದೆ, ಆದರೆ ನಡೆಸುವವರಿಗೆ ಎಲ್ಲರದೂ ಕಾಣುತ್ತದೆ.

ಟಾರ್ ಬ್ರೌಸರ್ ಕೇಳಿದವರನ್ನು ಮುಚ್ಚುವುದರಲ್ಲಿ ಎಲ್ಲಕ್ಕಿಂತ ಗಟ್ಟಿ. ನಿಮ್ಮ ಮಾತು ಮೂರು ಪದರದ ಬೀಗ ಹಾಕಿಕೊಂಡು ಮೂರು ಕಂಪ್ಯೂಟರ್ ದಾಟಿ ಹೋಗುತ್ತದೆ. ಮೊದಲನೆಯದಕ್ಕೆ ನೀವು ಗೊತ್ತು, ಎಲ್ಲಿಗೆ ಹೋಗುತ್ತಿದ್ದೀರಿ ಎಂಬುದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರೆಂದು ಗೊತ್ತಿಲ್ಲ. ಕೆಡುವುದು ಬಳಕೆಯಲ್ಲಿ: ಒಳಗೆ ಹೋಗಿ ಜಿಮೇಲ್‌ಗೆ ಲಾಗಿನ್ ಆದರೆ ಎಲ್ಲ ಮುಗಿಯಿತು. ಆಡ್-ಆನ್ ಹಾಕಿದರೆ ಉಳಿದ ಟಾರ್ ಬಳಕೆದಾರರಿಂದ ಬೇರೆಯಾಗಿ ಕಾಣುತ್ತೀರಿ. ಗೂಗಲ್ ಕ್ಯಾಪ್ಚಾ ಹಾಕಿ ಸತಾಯಿಸುತ್ತದೆ, ಅದರೊಳಗೆ ಮೊದಲಿನಿಂದಲೇ ಹೊಂದಿಸಿರುವ ಡಕ್‌ಡಕ್‌ಗೋ ಬಳಸುವುದೇ ಸುಲಭ. ನಿಧಾನ ಎಂಬುದಂತೂ ಇದ್ದದ್ದೇ. ಆದರೂ 'ಬದಿಯಡ್ಕ', ಒಂದು ಮನೆತನದ ಹೆಸರು, ಒಂದು ಕಾಯಿಲೆ, ಇಷ್ಟನ್ನೂ ಒಂದೇ ಪ್ರಶ್ನೆಯಲ್ಲಿ ಬರೆದರೆ ಟಾರ್ ಏನು ಮಾಡೀತು? ಬೇರೆ ಬೇರೆ ಮಾಡಿ ಕೇಳಿ, ನಡುವೆ 'ಹೊಸ ಗುರುತು' ಬಟನ್ ಒತ್ತಿ.

ಸುಳ್ಳು ಪ್ರಶ್ನೆಗಳನ್ನು ಬೆರೆಸಿ ಕಳಿಸುವ ಟ್ರ್ಯಾಕ್‌ಮಿನಾಟ್ ಎಂಬ ಆಡ್-ಆನ್ 2006ರಿಂದ ಇದೆ. ನಿಜ ಯಾವುದು ಸುಳ್ಳು ಯಾವುದು ಎಂದು ಯಂತ್ರವೇ ಬೇರ್ಪಡಿಸಬಲ್ಲದು ಎಂದು ಸಂಶೋಧಕರು 2010ರಲ್ಲಿ ತೋರಿಸಿದ್ದಾರೆ. ಇಂಗ್ಲಿಷ್ ಸುದ್ದಿಯಿಂದ ಹೆಕ್ಕಿದ ಸುಳ್ಳುಗಳ ನಡುವೆ ಒಂದು ಕನ್ನಡ ಪ್ರಶ್ನೆ ಅಕ್ಕಿಯಲ್ಲಿ ಬಿದ್ದ ಉದ್ದಿನ ಕಾಳಿನ ಹಾಗೆ ಎದ್ದು ಕಾಣುತ್ತದೆ. ನಮಗೆ ಬೇಡ.

ಪ್ರಶ್ನೆಯನ್ನೇ ಮುಚ್ಚುವುದು

ಅಡಿಕೆ ದರ ತಿಳಿಸುವ ಒಂದು ಸೇವೆ ಇದೆ ಎಂದುಕೊಳ್ಳಿ, ನಡೆಸುವವರು ವ್ಯಾಪಾರಿಗಳು. ನೀವು ಮೂರು ದಿನ ಸತತ ಕಾಳುಮೆಣಸಿನ ದರ ಕೇಳಿದರೆ, ಮನೆಯಲ್ಲಿ ಮೆಣಸು ಒಣಗಿ ಚೀಲಕ್ಕೆ ಬಿದ್ದಿದೆ ಎಂದು ಅವರಿಗೆ ಹೇಳಿದಂತೆ. ದರ ಬೇಕು, ಯಾವುದರ ದರ ಕೇಳಿದೆ ಎಂಬುದು ಗೊತ್ತಾಗಬಾರದು. ಇದು ಆಗುವ ಮಾತೇ?

ಆಗುತ್ತದೆ ಎಂದು 1995ರಲ್ಲಿ ಕೋರ್, ಗೋಲ್ಡ್‌ರೈಖ್, ಕುಶಿಲೆವಿಟ್ಜ್, ಸುಡಾನ್ ಎಂಬ ನಾಲ್ವರು ತೋರಿಸಿದರು. ಒಂದೇ ಪಟ್ಟಿಯ ನಕಲು ಇರುವ ಎರಡು ಸರ್ವರ್ ಬೇಕು, ಅವು ತಮ್ಮೊಳಗೆ ಮಾತಾಡಬಾರದು. ಲೆಕ್ಕಕ್ಕೆಂದು ಕಟ್ಟಿದ ದರಗಳಲ್ಲಿ ನೋಡೋಣ: 1 ಹೊಸ ಅಡಿಕೆ 400, 2 ಹಳೆ ಅಡಿಕೆ 480, 3 ಡಬಲ್ ಚೋಲ್ 500, 4 ಪಟೋರ 350, 5 ಉಳ್ಳಿಗಡ್ಡೆ 220, 6 ಕರಿಗೋಟು 200, 7 ಕೋಕೋ 100, 8 ಕಾಳುಮೆಣಸು 650 (3ರಿಂದ 6ರವರೆಗಿನವು ಅಡಿಕೆಯದೇ ತರಗತಿಗಳು). ಬೇಕಾದದ್ದು 8.

ಎಂಟಕ್ಕೂ ಒಂದೊಂದು ಸಲ ನಾಣ್ಯ ಚಿಮ್ಮಿ. 2, 4, 7ಕ್ಕೆ ಮಾತ್ರ ತಲೆ ಬಿತ್ತು ಎನ್ನೋಣ. ಮೊದಲ ಸರ್ವರಿಗೆ "2, 4, 7 ಕೂಡಿಸಿ ಹೇಳು" ಎನ್ನಿ: 930. ಎರಡನೆಯದಕ್ಕೆ ಅದೇ ಪಟ್ಟಿಗೆ 8 ಸೇರಿಸಿ "2, 4, 7, 8" ಎನ್ನಿ: 1580. ಕಳೆದರೆ 650. ಎರಡೂ ಸರ್ವರಿಗೆ ಕಂಡದ್ದು ನಾಣ್ಯದಿಂದ ಹುಟ್ಟಿದ ಗೊತ್ತುಗುರಿಯಿಲ್ಲದ ಪಟ್ಟಿ ಮಾತ್ರ. ಎಷ್ಟೇ ದೊಡ್ಡ ಕಂಪ್ಯೂಟರ್ ತಂದರೂ ಒಂದೊಂದೇ ಪಟ್ಟಿಯಿಂದ ಏನೂ ಹೊರಡುವುದಿಲ್ಲ.

ತಪ್ಪುವುದು ಸಣ್ಣ ಸಂಗತಿಗಳಲ್ಲಿ. 8ಕ್ಕೂ ನಾಣ್ಯ ಚಿಮ್ಮಲೇಬೇಕು. ತಲೆ ಬಿದ್ದರೆ ಎರಡನೆಯ ಪಟ್ಟಿಯಿಂದ 8ನ್ನು ತೆಗೆಯಬೇಕು. "ಹೇಗೂ ಬೇಕಾದದ್ದು ಅದೇ ತಾನೆ" ಎಂದು ಚಿಮ್ಮದೆ ಬಿಟ್ಟರೆ, ಮೊದಲ ಸರ್ವರಿಗೆ ನಿಮ್ಮಿಂದ 8 ಯಾವತ್ತೂ ಬರುವುದಿಲ್ಲ ಎಂಬುದು ಹತ್ತು ದಿನದಲ್ಲಿ ಗೊತ್ತಾಗುತ್ತದೆ. ಹಳೆಯ ಪಟ್ಟಿಯನ್ನೇ ಮರುಬಳಸಿ ಇವತ್ತು 8, ನಾಳೆ 3 ಸೇರಿಸಿದರೆ ಎರಡನೆಯ ಸರ್ವರ್ ಎರಡನ್ನೂ ಹೋಲಿಸಿ ಹಿಡಿಯುತ್ತದೆ. ಇವೆಲ್ಲಕ್ಕಿಂತ ದೊಡ್ಡದು, ಎರಡು ಸರ್ವರಿನ ಧಣಿಗಳು ಒಂದು ಚಹಾ ಕುಡಿಯುತ್ತಾ ಕೂತರೆ ಗುಟ್ಟು ಅಲ್ಲೇ ರಟ್ಟು.

ಒಂದೇ ಸರ್ವರಿನಲ್ಲಿ ಇದೇ ಪರಿಪೂರ್ಣ ಗುಟ್ಟು ಬೇಕಾದರೆ ಇಡೀ ಪಟ್ಟಿಯನ್ನೇ ಇಳಿಸಿಕೊಳ್ಳದೆ ಗತ್ಯಂತರವಿಲ್ಲ ಎಂಬುದನ್ನೂ ಆ ನಾಲ್ವರೇ ಸಾಧಿಸಿದ್ದರು. 1997ರಲ್ಲಿ ಕುಶಿಲೆವಿಟ್ಜ್ ಮತ್ತು ಓಸ್ಟ್ರೋವ್‌ಸ್ಕಿ ಸಂದು ಕಂಡುಹಿಡಿದರು. ಗುಟ್ಟು ಪರಿಪೂರ್ಣವಾಗಿರಬೇಕಿಲ್ಲ, ಒಂದು ಗಟ್ಟಿ ಲೆಕ್ಕವನ್ನು ಬಿಡಿಸಲಾರದಷ್ಟು ಕಾಲ ನಿಂತರೆ ಸಾಕು ಎಂದರೆ ಒಂದೇ ಸರ್ವರ್ ಸಾಲುತ್ತದೆ. ಇಂದಿನ ಕ್ರಮ ಹೀಗಿದೆ: ಎಂಟು ಮೊಹರು ಹಾಕಿದ ಲಕೋಟೆ ಕಳಿಸುತ್ತೀರಿ. ಏಳರೊಳಗೆ 0, ಎಂಟನೆಯದರಲ್ಲಿ 1, ಹೊರಗಿನಿಂದ ಭೇದ ತಿಳಿಯದು. ಸರ್ವರ್ ಲಕೋಟೆ ಬಿಚ್ಚದೆಯೇ ಒಂದೊಂದು ದರದಿಂದ ಗುಣಿಸಿ, ಎಲ್ಲ ಕೂಡಿಸಿ, ಒಂದೇ ಲಕೋಟೆ ವಾಪಸು ಕೊಡುತ್ತದೆ. ಬಿಚ್ಚಿದರೆ 650. ಮೊಹರು ಹಾಕುವಾಗ ಬೇಕೆಂದೇ ಸ್ವಲ್ಪ ಕಸ ಬೆರೆಸಿರುತ್ತಾರೆ. ಗಟ್ಟಿತನ ಇರುವುದು ಆ ಕಸದಲ್ಲೇ, ಅದರ ಲೆಕ್ಕವನ್ನು 2005ರಲ್ಲಿ ಓಡೆಡ್ ರೆಗೆವ್ ಮುಂದಿಟ್ಟರು. ಕೂಡಿಸಿದಷ್ಟೂ ಕಸ ಬೆಳೆಯುತ್ತದೆ. ಅಳತೆ ಮೀರಿದರೆ ಉತ್ತರವೇ ತಪ್ಪಿ ಬರುತ್ತದೆ.

ಈಗ ಖರ್ಚಿನ ಮಾತು. ಸರ್ವರ್ ಪಟ್ಟಿಯ ಪ್ರತಿಯೊಂದು ಸಾಲನ್ನೂ ಮುಟ್ಟಲೇಬೇಕು. ಕರಿಗೋಟನ್ನು ಮುಟ್ಟದೆ ಬಿಟ್ಟರೆ, ನೀವು ಕೇಳಿದ್ದು ಕರಿಗೋಟಲ್ಲ ಎಂದು ಅದಕ್ಕೆ ಗೊತ್ತಾಯಿತೆಂದೇ ಅರ್ಥ. ಎಂಟು ಸಾಲಾದರೆ ಸರಿ, ಇಡೀ ಅಂತರ್ಜಾಲವಾದರೆ? 2023ರಲ್ಲಿ ಪ್ರಕಟವಾದ ಸಿಂಪಲ್‌ಪಿಐಆರ್ ಎಂಬ ಇಂಥದೇ ಕ್ರಮ ಒಂದು ಪ್ರಾಸೆಸರ್ ಕೋರ್‌ನಲ್ಲಿ ಸೆಕೆಂಡಿಗೆ ಸುಮಾರು 10 ಜಿಬಿ ಓದಿ ಮುಗಿಸುತ್ತದೆ. 1 ಜಿಬಿ ಪಟ್ಟಿಗೆ ಮೊದಲು 121 ಎಂಬಿ ಸುಳಿವಿನ ಕಡತ ಇಳಿಸಿಕೊಳ್ಳಬೇಕು, ಆಮೇಲೆ ಪ್ರಶ್ನೆಯೊಂದಕ್ಕೆ 242 ಕೆಬಿ. ಪಟ್ಟಿ ಬದಲಾದರೆ ಸುಳಿವೂ ಬದಲಾಗುತ್ತದೆ. ದಿನಕ್ಕೊಂದು ದರ ಬರುವ ಅಡಿಕೆಗೆ ಇದು ಹೊಂದದು, ನಿಘಂಟಿಗೆ ಚೆನ್ನಾಗಿ ಹೊಂದುತ್ತದೆ.

ಇದರ ಮೇಲೆಯೇ ಕಟ್ಟಿದ ಟಿಪ್‌ಟೋ ಎಂಬ ವ್ಯವಸ್ಥೆ, ಅದೂ 2023ರದು, 36 ಕೋಟಿ ಜಾಲಪುಟಗಳಲ್ಲಿ ಹುಡುಕಿ ತೋರಿಸಿತು. 45 ಸರ್ವರ್‌ಗಳು, ಒಂದು ಪ್ರಶ್ನೆಗೆ 145 ಕೋರ್-ಸೆಕೆಂಡ್ (ಒಂದೇ ಕೋರ್ ಆದರೆ 145 ಸೆಕೆಂಡ್) ದುಡಿಮೆ, 56.9 ಎಂಬಿ ಡೇಟಾ, 2.7 ಸೆಕೆಂಡ್ ಕಾಯುವಿಕೆ. ಡೇಟಾದಲ್ಲಿ ಮುಕ್ಕಾಲು ಪಾಲು ಪ್ರಶ್ನೆ ಬರೆಯುವ ಮೊದಲೇ ಸಾಗಿಸಿಡಬಹುದು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇರುವವರಿಗೆ ಇಪ್ಪತ್ತಾರು ಹುಡುಕಾಟಕ್ಕೆ ದಿನದ ಡೇಟಾ ಖಾಲಿ. ಸರಿಯಾದ ಉತ್ತರ ಸರಾಸರಿ 7.7ನೆಯ ಸ್ಥಾನದಲ್ಲಿ ಬರುತ್ತದೆ. ಗುಟ್ಟಿಲ್ಲದ ಒಳ್ಳೆಯ ವ್ಯವಸ್ಥೆಯಲ್ಲಿ ಅದು 2.3. ಪ್ರಶ್ನೆಯ ಅರ್ಥವನ್ನು ಅಂಕೆಗಳಾಗಿಸುವ ಮಾದರಿ ನಿಮ್ಮ ಯಂತ್ರದಲ್ಲೇ ಇರಬೇಕು. ಪ್ರಯೋಗ ನಡೆದದ್ದು ಇಂಗ್ಲಿಷ್ ಪುಟಗಳ ಮೇಲೆ. ಕನ್ನಡಕ್ಕೆ ಬರಬೇಕಾದರೆ ಕನ್ನಡದ ಅರ್ಥ ಹಿಡಿಯುವ, ಮೊಬೈಲಿನಲ್ಲಿ ಹಿಡಿಸುವಷ್ಟು ಚಿಕ್ಕ ಮಾದರಿ ಬೇಕು. ಆದರೆ ಕನ್ನಡದ ಪುಟಗಳು ಅಷ್ಟು ಕೋಟಿ ಇಲ್ಲ. ಪಟ್ಟಿ ಚಿಕ್ಕದಾದಷ್ಟೂ ಖರ್ಚು ಇಳಿಯುವುದರಿಂದ, ಹುಡುಕಾಟದ ಮಟ್ಟಿಗಾದರೂ ಚಿಕ್ಕ ಭಾಷೆಗೆ ಇಲ್ಲೊಂದು ಲಾಭವಿದೆ.

ಎಲ್ಲ ಸಾಲನ್ನೂ ಮುಟ್ಟಬೇಕೆಂಬ ಕಟ್ಟನ್ನು ಮುರಿಯುವ ದಾರಿಯೂ ಸಿಕ್ಕಿದೆ. ಲಿನ್, ಮುಕ್, ವಿಕ್ಸ್ ಎಂಬ ಮೂವರು 2022ರ ಕೊನೆಗೆ ತೋರಿಸಿದ್ದು: ಪಟ್ಟಿಯನ್ನು ಮೊದಲೇ ಒಂದು ದೊಡ್ಡ ಬಹುಪದಿಯಾಗಿ (ಬೀಜಗಣಿತದ ಪಾಲಿನೋಮಿಯಲ್) ಬೇಯಿಸಿಟ್ಟರೆ, ಆಮೇಲೆ ಒಂದೊಂದು ಪ್ರಶ್ನೆಗೂ ಅದರ ಸಣ್ಣ ಭಾಗವನ್ನು ಮಾತ್ರ ಮುಟ್ಟಿ ಉತ್ತರಿಸಬಹುದು. ಕಾಗದದ ಮೇಲೆ ಇದು ದೊಡ್ಡ ಗೆಲುವು. ಬೇಯಿಸಿಟ್ಟ ಪಟ್ಟಿಯ ಗಾತ್ರ ಮಾತ್ರ ಸದ್ಯಕ್ಕೆ ಯಾರ ಗೋದಾಮಿಗೂ ಹಿಡಿಸುವಂಥದ್ದಲ್ಲ.

ಇವತ್ತು ಕೈಗೆ ಸಿಗುವಷ್ಟು

ಈ ಶಾಸ್ತ್ರ ಸಾಮಾನ್ಯರ ಜೇಬಿಗೆ ಬಂದಿರುವುದು ಚಿಕ್ಕ ಪಟ್ಟಿಗಳಲ್ಲಿ. ಐಫೋನಿನ 2024ರ ಐಒಎಸ್ 18ರಲ್ಲಿ ಅಪರಿಚಿತ ನಂಬರು ಯಾರದೆಂದು ಸರ್ವರಿಗೆ ನಂಬರು ತಿಳಿಯದ ಹಾಗೆಯೇ ನೋಡುವ ಏರ್ಪಾಟಿದೆ. ಕರೆ ಗುರುತಿಸುವ ಆ್ಯಪ್‌ಗೆ ಇಡೀ ಫೋನ್‌ಬುಕ್ ಒಪ್ಪಿಸುವುದರ ಮುಂದೆ ಇದು ಎಷ್ಟೋ ಮೇಲು. ಆದರೆ ಆ್ಯಪ್ ಮಾಡಿದವರು ಈ ಕ್ರಮವನ್ನು ಅಳವಡಿಸಿದ್ದರೆ ಮಾತ್ರ.

ನಡುದಾರಿಯೂ ಒಂದಿದೆ. ನಿಮ್ಮ ಪಾಸ್‌ವರ್ಡ್ ಸೋರಿಹೋಗಿದೆಯೇ ಎಂದು ನೋಡುವ 'ಹ್ಯಾವ್ ಐ ಬೀನ್ ಪೋನ್ಡ್' ತಾಣ ಪಾಸ್‌ವರ್ಡನ್ನು ನಿಮ್ಮ ಯಂತ್ರದಲ್ಲೇ 40 ಅಕ್ಷರದ ಹ್ಯಾಶ್ (ಹಿಂದಕ್ಕೆ ಬಿಡಿಸಲು ಕಷ್ಟವಾದ ಗುರುತು) ಮಾಡಿಸಿ, ಮೊದಲ 5 ಅಕ್ಷರ ಮಾತ್ರ ತರಿಸಿಕೊಳ್ಳುತ್ತದೆ. 10,48,576 ಡಬ್ಬಿಗಳಲ್ಲಿ ನಿಮ್ಮದು ಯಾವುದೆಂದಷ್ಟೇ ಅದಕ್ಕೆ ಗೊತ್ತು. ಡಬ್ಬಿಯನ್ನು ಇಡಿಯಾಗಿ ಕೊಡುತ್ತದೆ, ಒಳಗೆ ಹುಡುಕಿಕೊಳ್ಳುವುದು ನಿಮ್ಮ ಬ್ರೌಸರ್.

ಡಬ್ಬಿಯ ಬದಲು ಅಂಗಡಿಯನ್ನೇ ಮನೆಗೆ ತಂದರೆ ಗುಟ್ಟು ಪೂರ್ತಿ. ಇದೇ ಬಡವರ ಗೂಢಲಿಪಿ, ಕಾಸರಗೋಡಿನವರಿಗೆ ಸದ್ಯಕ್ಕೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಇಂಟರ್ನೆಟ್ ಇಲ್ಲದೆಯೂ ಓದಲು ಬರುವ ಕಿವಿಕ್ಸ್ ಆ್ಯಪ್ ಹಾಕಿ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿಕೊಳ್ಳಬಹುದು. ಇಂಗ್ಲಿಷಿನದು ಚಿತ್ರ ಸಮೇತ 100 ಜಿಬಿ ಮೀರುವುದರಿಂದ ಚಿತ್ರವಿಲ್ಲದ್ದನ್ನೋ ವೈದ್ಯಕೀಯ ಭಾಗವನ್ನೋ ಮಾತ್ರ ಆರಿಸಿ. ಮೆಮೊರಿ ಕಾರ್ಡ್ ಎಫ್ಎಟಿ32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಹಿಡಿಯದು. ಇಳಿಸುವುದು ಕೊನೆಯಲ್ಲಿ ಕೈಕೊಟ್ಟರೆ ಮೊದಲು ಅದನ್ನು ನೋಡಿ. ದಾರಿ ಹುಡುಕಲು, ನಕ್ಷೆಯನ್ನು ಫೋನಿಗೇ ಇಳಿಸಿಕೊಳ್ಳುವ ಆರ್ಗಾನಿಕ್ ಮ್ಯಾಪ್ಸ್ ಇದೆ. ಕೇರಳದ ನಕ್ಷೆಯೊಂದನ್ನೇ ಹಾಕಿಕೊಂಡರೆ ತಲಪಾಡಿಯಾಚೆ ಬಿಳಿ ಹಾಳೆ, ಮಂಗಳೂರಿನ ಆಸ್ಪತ್ರೆ ಬೇಕಾದವರು ಕರ್ನಾಟಕದ್ದನ್ನೂ ಇಳಿಸಬೇಕು. ಸರ್ಕಾರಿ ಪಟ್ಟಿಗಳಲ್ಲೂ ಹೀಗೆಯೇ: ಹೆಸರು ಹಾಕಿ ಹುಡುಕುವ ಪೆಟ್ಟಿಗೆಯ ಪಕ್ಕದಲ್ಲಿ ಪೂರ್ತಿ ಪಿಡಿಎಫ್ ಇದ್ದರೆ ಪಿಡಿಎಫ್ ತೆಗೆದುಕೊಳ್ಳಿ.

ಇಷ್ಟೆಲ್ಲ ಮಾಡಿ ಸಿಗುವುದು ಒಂದು ಕೊಂಡಿ ಎಂಬುದು ನೆನಪಿರಲಿ. ಅದನ್ನು ಒತ್ತಿದ ಕೂಡಲೇ ಆ ತಾಣಕ್ಕೆ ನೀವು ಬಂದದ್ದು ಗೊತ್ತಾಗುತ್ತದೆ, ಟಿಪ್‌ಟೋ ಕೂಡ ಇದಕ್ಕೆ ಹೊಣೆಯಲ್ಲ. ಸ್ಟಾರ್ಟ್‌ಪೇಜ್‌ನಲ್ಲಿ ಫಲಿತಾಂಶದ ಪಕ್ಕ 'ಅನಾನಿಮಸ್ ವ್ಯೂ' ಇರುತ್ತದೆ, ಅದರಲ್ಲಿ ತೆರೆದರೆ ತಾಣಕ್ಕೆ ಕಾಣುವುದು ಸ್ಟಾರ್ಟ್‌ಪೇಜ್‌ನ ವಿಳಾಸ. ಇಲ್ಲವೇ ಟಾರ್‌ನಲ್ಲಿ ತೆರೆಯಿರಿ. ಡಾಕ್ಟರ ಹೆಸರು ಮತ್ತು ಒಪಿ (ಹೊರರೋಗಿಗಳನ್ನು ನೋಡುವ) ಸಮಯ ಬರೆದುಕೊಂಡು, ಪುಟ ನಿಮ್ಮ ಮೊಬೈಲ್ ನಂಬರ್ ಕೇಳುವ ಮೊದಲು ಹೊರಗೆ ಬನ್ನಿ.